ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಉಳಿತಾಯ ಸರ್ಕಾರದ್ದು, ಓಡಾಟ ಯಾರದ್ದು?

ಸರ್ಕಾರದ ಸಹಾಯಧನ ಈಗ ಕಾರ್ಡಿಗೆ ಬರುತ್ತದೆ, ಖಾತೆಗೆ ಬರುತ್ತದೆ. ಯಾರು ಅರ್ಹರು, ಯಾರು ಅಲ್ಲ ಅನ್ನೋದನ್ನು ಕಂಪ್ಯೂಟರು ಪಟ್ಟಿಗೆ ಪಟ್ಟಿ ತಾಳೆ ಹಾಕಿ ಹೇಳುತ್ತದೆ. ಇದಕ್ಕೆಲ್ಲ ಎಷ್ಟು ಖರ್ಚು, ಅದನ್ನು ಹೊರೋದು ಯಾರು ಅಂತ ಕೇಳಿ ಬರೆಯಿರಿ ಎಂದಿದ್ದೆವು. ಪತ್ರಗಳು ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಬಿಟ್ಟಿದ್ದೇನೆ.

ಪ್ರಶ್ನೆ: ಕಾಗದದ ಕೂಪನ್ ಅಂದರೆ ಅಚ್ಚು ಹಾಕಬೇಕು, ಕಾವಲಿಟ್ಟು ಸಾಗಿಸಬೇಕು, ಎಣಿಸಬೇಕು. ಕಾರ್ಡು ಬಂದ ಮೇಲೆ ಅದೆಲ್ಲ ಹೋಯಿತು. ಖರ್ಚು ಇಳಿದೇ ಇರಬೇಕಲ್ಲ? ಇದರಲ್ಲಿ ಚರ್ಚೆ ಮಾಡೋದೇನಿದೆ? (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಕೂಪನ್ನಿನ ಖರ್ಚು ಇಳಿಯಿತು, ಅದು ನಿಜ. ಆದರೆ ಅಮೆರಿಕದ ಫುಡ್ ಸ್ಟ್ಯಾಂಪ್, ಅಂದರೆ ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುತ್ತಿದ್ದ ಕೂಪನ್, ಅದರ ಕಥೆ ನೋಡಿ. 1984ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನಲ್ಲಿ ಪ್ರಯೋಗಕ್ಕೆ ಅಂತ ಕಾರ್ಡು ಕೊಟ್ಟರು. 1993ರಲ್ಲಿ ಮೇರಿಲ್ಯಾಂಡ್ ಇಡೀ ರಾಜ್ಯಕ್ಕೆ ತಂದಿತು. 1996ರ ಕಾನೂನು 2002ರ ಅಕ್ಟೋಬರ್ ಒಳಗೆ ಎಲ್ಲ ರಾಜ್ಯಗಳೂ ಕಾರ್ಡಿಗೆ ಬದಲಾಗಬೇಕು ಅಂದಿತು. ಪೂರ್ತಿ ಆಗಿದ್ದು 2004ಕ್ಕೆ. ಅಂದರೆ ಇಪ್ಪತ್ತು ವರ್ಷದ ಕೆಲಸ. ಒಂದು ಆಪ್ ಬಿಟ್ಟರೆ ಮುಗಿಯಿತು ಅನ್ನೋರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅಚ್ಚು, ಸಾಗಾಟ, ಎಣಿಕೆ, ಬಳಸಿದ ಕೂಪನ್ ನಾಶ ಮಾಡುವ ಕೆಲಸ ಎಲ್ಲ ನಿಂತಿತು. ಅದರ ಜಾಗಕ್ಕೆ ಬೇರೆ ಖರ್ಚು ಬಂತು. ವ್ಯವಸ್ಥೆ ನಡೆಸುವ ಖಾಸಗಿ ಗುತ್ತಿಗೆದಾರರಿಗೆ ಪ್ರತಿ ಕುಟುಂಬಕ್ಕೆ ತಿಂಗಳಿಗೆ ಇಷ್ಟು ಅಂತ ಶುಲ್ಕ. ಸಹಾಯವಾಣಿ. ಕಾರ್ಡು ಕಳೆದರೆ ಹೊಸ ಕಾರ್ಡು. ಅಂಗಡಿಯಲ್ಲಿ ಯಂತ್ರ. ಮೊದಮೊದಲು ಯಂತ್ರವನ್ನು ರಾಜ್ಯವೇ ಉಚಿತವಾಗಿ ಕೊಡುತ್ತಿತ್ತು. 2014ರ ಕಾನೂನು ಬಂದ ಮೇಲೆ ಬಹುಪಾಲು ಅಂಗಡಿಯವರೇ ಅದಕ್ಕೆ ದುಡ್ಡು ಹಾಕಬೇಕಾಯಿತು. ಸರ್ಕಾರದ ಪುಸ್ತಕದಲ್ಲಿ ಇದು ಉಳಿತಾಯ. ಅಂಗಡಿಯವನ ಪುಸ್ತಕದಲ್ಲಿ ಇದು ಖರ್ಚು. ರೈತರ ಸಂತೆಯಲ್ಲಿ ವಿದ್ಯುತ್ತೂ ಫೋನ್ ತಂತಿಯೂ ಇಲ್ಲದೆ ಕೂತು ಮಾರುವವರ ಗತಿ ಇನ್ನೂ ಬೇರೆ: ಕೂಪನ್ ಇದ್ದಾಗ ಇಸ್ಕೊಂಡು ಜೇಬಿಗೆ ಹಾಕಿಕೊಳ್ಳಬಹುದಿತ್ತು, ಕಾರ್ಡು ಬಂದ ಮೇಲೆ ಯಂತ್ರವಿಲ್ಲದೆ ಆ ಗಿರಾಕಿಗಳನ್ನೇ ಬಿಡಬೇಕಾಯಿತು.

ಲಾಭ ಇಲ್ಲ ಅಂತ ಹೇಳುತ್ತಿಲ್ಲ. ಕೂಪನ್ನನ್ನು ಅರ್ಧ ಬೆಲೆಗೆ ಮಾರಿ ನಗದು ಮಾಡಿಕೊಳ್ಳುವ ದಂಧೆ ನಿಜಕ್ಕೂ ಇಳಿಯಿತು. ಅಮೆರಿಕದ ಕೃಷಿ ಇಲಾಖೆಯ ಅಂದಾಜಿನ ಪ್ರಕಾರ 1993ರಲ್ಲಿ ಒಂದು ಡಾಲರಿಗೆ ಸುಮಾರು 3.8 ಸೆಂಟ್ ಹೀಗೆ ಸೋರುತ್ತಿತ್ತು, 2006-08ರ ಹೊತ್ತಿಗೆ ಸುಮಾರು 1 ಸೆಂಟಿಗೆ ಬಂತು. ಕಾರ್ಡಿನ ವಹಿವಾಟಿಗೆ ಗುರುತು ಉಳಿಯುತ್ತದಲ್ಲ, ಅದಕ್ಕೆ. ಆದರೆ ಕಾರ್ಡಿನಿಂದ ಆಗೋದು ಅಷ್ಟೇ. ಆದಾಯ ಸುಳ್ಳು ಹೇಳಿ ಪಟ್ಟಿಗೆ ಸೇರಿದವನಿಗೆ ಕಾರ್ಡಿನಲ್ಲೂ ಹಣ ಬರುತ್ತದೆ, ಕೂಪನ್ನಿನಲ್ಲೂ ಬರುತ್ತಿತ್ತು.

ಪ್ರಶ್ನೆ: ಸರ್ವರ್ ಡೌನ್ ಆದರೆ? (ಒಂದೇ ಸಾಲಿನ ಪತ್ರ)

ಉತ್ತರ: ಬಡವರು ಕಾಯುತ್ತಾರೆ. 2013ರ ಅಕ್ಟೋಬರ್ 12ರಂದು ಅಮೆರಿಕದ 17 ರಾಜ್ಯಗಳಲ್ಲಿ ಈ ಕಾರ್ಡುಗಳು ಒಟ್ಟಿಗೇ ಕೈಕೊಟ್ಟವು. ಕಾರಣ ಕೇಳಿದರೆ ನಗು ಬರುತ್ತದೆ: ಗುತ್ತಿಗೆದಾರ ಕಂಪನಿ ಬ್ಯಾಕಪ್ ವ್ಯವಸ್ಥೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತಿತ್ತು. ಅವತ್ತು ಶನಿವಾರ. ಸಾಮಾನು ತುಂಬಿದ ಗಾಡಿಗಳನ್ನು ಕೌಂಟರಿನಲ್ಲೇ ಬಿಟ್ಟು ಜನ ಮನೆಗೆ ಹೋದರು. ಕಾಗದದ ಕಾಲದಲ್ಲಿ ಒಂದು ಊರಿನಲ್ಲಿ ಕೂಪನ್ ತಡವಾದರೆ ಒಂದೇ ಊರಿಗೆ ತೊಂದರೆ.

ಪ್ರಶ್ನೆ: ನನ್ನ ಡೆಬಿಟ್ ಕಾರ್ಡಿನಿಂದ ಯಾರೋ ದುಡ್ಡು ಕದ್ದಾಗ ಬ್ಯಾಂಕಿನವರು ವಾಪಸ್ ಕೊಟ್ಟರು. ಸಹಾಯಧನದ ಕಾರ್ಡಿಗೂ ಅದೇ ನಿಯಮ ಇರುತ್ತದಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಎಲ್ಲ ಕಡೆ ಇಲ್ಲ. ಅಮೆರಿಕದಲ್ಲಿ ಕಾರ್ಡು ಕಡ್ಡಾಯ ಮಾಡಿದ ಅದೇ 1996ರ ಕಾನೂನು, ಸಾಮಾನ್ಯ ಬ್ಯಾಂಕ್ ಗ್ರಾಹಕರಿಗೆ ಸಿಗುವ ರಕ್ಷಣೆಯಿಂದ ಈ ಕಾರ್ಡುಗಳನ್ನು ಹೊರಗಿಟ್ಟಿತು. ಖರ್ಚು ಜಾಸ್ತಿಯಾಗುತ್ತದೆ ಅಂತ ರಾಜ್ಯಗಳು ಅಂಜಿದ್ದವು. ಆಮೇಲೆ ಬ್ಯಾಂಕ್ ಕಾರ್ಡುಗಳಿಗೆಲ್ಲ ಚಿಪ್ ಬಂತು, ಇವುಗಳಲ್ಲಿ ಬಹುತೇಕ ಎಲ್ಲವೂ ಮ್ಯಾಗ್ನೆಟಿಕ್ ಪಟ್ಟಿಯಲ್ಲೇ ಉಳಿದವು. ಕಳ್ಳರಿಗೆ ಇಷ್ಟು ಸಾಕಲ್ಲ? ಅಂಗಡಿಯ ಯಂತ್ರಕ್ಕೆ ನಕಲು ಸಾಧನ ಅಂಟಿಸಿ, ಹಣ ಜಮಾ ಆದ ಕೂಡಲೇ ಖಾಲಿ ಮಾಡುವುದು ಶುರುವಾಯಿತು. 2022ರ ಡಿಸೆಂಬರಿನಲ್ಲಿ ಸಂಸತ್ತು ಕದ್ದ ಆಹಾರ ಸಹಾಯವನ್ನು ವಾಪಸ್ ತುಂಬಿಕೊಡಲು ಅವಕಾಶ ಮಾಡಿತು, ಆದರೆ ಅದು ತಾತ್ಕಾಲಿಕ. 2024ರ ಡಿಸೆಂಬರ್ 20ಕ್ಕೆ ಅವಧಿ ಮುಗಿಯಿತು. ಚಿಪ್ ಹಾಕದೆ ಉಳಿಸಿದ ದುಡ್ಡು ಒಂದು ಕಡೆ ಇತ್ತು, ಕಳೆದುಕೊಂಡವರು ಇನ್ನೊಂದು ಕಡೆ ಇದ್ದರು.

ಪ್ರಶ್ನೆ: ಡೇಟಾ ತಾಳೆ ಅಂದರೆ ನಿಖರವಾಗಿ ಏನು? ಯಾವಾಗ ಶುರುವಾಯಿತು?

ಉತ್ತರ: ಎರಡು ಬೇರೆ ಕಚೇರಿಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇರುವ ಹೆಸರು ಹುಡುಕೋದು. ತೆರಿಗೆ ಪಟ್ಟಿಯಲ್ಲಿ ಸಂಬಳ ಇದೆ, ನಿರುದ್ಯೋಗ ಭತ್ಯೆಯ ಪಟ್ಟಿಯಲ್ಲೂ ಹೆಸರಿದೆ, ಹಾಗಾದರೆ ಇವನನ್ನು ವಿಚಾರಿಸಿ. ಅಮೆರಿಕದಲ್ಲಿ 1977ರಲ್ಲಿ ಪ್ರಾಜೆಕ್ಟ್ ಮ್ಯಾಚ್ ಅನ್ನುವ ಹೆಸರಿನಲ್ಲಿ ಸರ್ಕಾರಿ ನೌಕರರ ಸಂಬಳದ ಪಟ್ಟಿಯನ್ನೂ ಸಹಾಯಧನದ ಪಟ್ಟಿಯನ್ನೂ ಹೀಗೆ ತಾಳೆ ಹಾಕಿದರು. ಆಗ ಎದ್ದ ಜಗಳ 1988ರ ಒಂದು ಕಾನೂನಿನಲ್ಲಿ ಮುಗಿಯಿತು. ಆ ಕಾನೂನಿನ ಎರಡು ಅಂಶ ನನಗೆ ಬಹಳ ಇಷ್ಟ. ಒಂದು, ತಾಳೆ ಹಾಕುವ ಮೊದಲೇ ಖರ್ಚೆಷ್ಟು, ಲಾಭವೆಷ್ಟು ಅಂತ ಲೆಕ್ಕ ಕೊಡಬೇಕು. ಎರಡು, ಬರೀ ತಾಳೆಯ ಆಧಾರದ ಮೇಲೆ ಯಾರ ಹಣವನ್ನೂ ನಿಲ್ಲಿಸುವ ಹಾಗಿಲ್ಲ. ಬೇರೆ ರೀತಿಯಲ್ಲಿ ಖಚಿತ ಮಾಡಿಕೊಳ್ಳಬೇಕು, ನೋಟಿಸ್ ಕೊಡಬೇಕು, ಉತ್ತರಿಸಲು ಸಮಯ ಕೊಡಬೇಕು.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮೋಸ ಹಿಡಿಯುವ ನಮ್ಮ ಕಂಪ್ಯೂಟರ್ ಮಾಡೆಲ್‌ಗಳು 99% ನಿಖರ. ಶೇಕಡಾ ಒಂದರಷ್ಟು ತಪ್ಪಿಗೆ ಇಷ್ಟು ಗಲಾಟೆ ಯಾಕೆ?

ಉತ್ತರ: ಲೆಕ್ಕ ಹಾಕೋಣ ಬನ್ನಿ. 10 ಲಕ್ಷ ಫಲಾನುಭವಿಗಳು ಇದ್ದಾರೆ ಅಂತಿಟ್ಟುಕೊಳ್ಳಿ. ಅವರಲ್ಲಿ ಶೇಕಡಾ 1 ಮಂದಿ, ಅಂದರೆ 10,000 ಜನ ಮೋಸಗಾರರು. ನಿಮ್ಮ ಯಂತ್ರ 9,900 ಜನರನ್ನು ಹಿಡಿಯುತ್ತದೆ, ಶಭಾಷ್. ಉಳಿದ 9,90,000 ಪ್ರಾಮಾಣಿಕರಲ್ಲೂ ಶೇಕಡಾ 1ರಷ್ಟು ಜನರ ಮೇಲೆ ತಪ್ಪಾಗಿ ಬೆರಳು ತೋರಿಸುತ್ತದೆ. ಅದೂ 9,900. ಅಲ್ಲಿಗೆ ನೋಟಿಸ್ ಹೋದ ಇಬ್ಬರಲ್ಲಿ ಒಬ್ಬ ತಪ್ಪೇ ಮಾಡದವನು. ಮೋಸಗಾರರು ಸಾವಿರಕ್ಕೆ ಒಬ್ಬರು ಅಂತಾದರೆ? ಹಿಡಿದದ್ದು 990, ಸುಮ್ನೆ ಸಿಕ್ಕಿಹಾಕಿಕೊಂಡವರು 9,990. ಹನ್ನೊಂದು ನೋಟಿಸಿನಲ್ಲಿ ಹತ್ತು ತಪ್ಪು ಮನೆಗೆ.

ಮಾಡೆಲ್ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಆಮೇಲಿನ ಮಾತು. ಬಂದ ಹೆಸರುಗಳನ್ನು ಒಬ್ಬ ಮನುಷ್ಯ ಕೂತು ನೋಡುತ್ತಾನಾ ಅನ್ನೋದೇ ಪ್ರಶ್ನೆ. ಮಿಷಿಗನ್ ರಾಜ್ಯದಲ್ಲಿ ಸುಮಾರು 4.7 ಕೋಟಿ ಡಾಲರ್ ಕೊಟ್ಟು ನಿರುದ್ಯೋಗ ಭತ್ಯೆಗೆ ಮೈದಾಸ್ ಅನ್ನುವ ವ್ಯವಸ್ಥೆ ಮಾಡಿಸಿದರು. 2013ರಿಂದ 2015ರವರೆಗೆ ಅದೇ ಯಂತ್ರ ಜನರನ್ನು ವಂಚಕರು ಅಂತ ತೀರ್ಮಾನಿಸಿತು, ದಂಡ ನಾಲ್ಕು ಪಟ್ಟು, ಜೊತೆಗೆ ಬಡ್ಡಿ. ಆಮೇಲೆ ಯಂತ್ರ ಮಾತ್ರವೇ ತೀರ್ಮಾನ ಮಾಡಿದ್ದ ಸುಮಾರು 22,000 ಪ್ರಕರಣಗಳನ್ನು ಮನುಷ್ಯರು ತೆಗೆದು ನೋಡಿದಾಗ 93% ತಪ್ಪು. ಅಷ್ಟರಲ್ಲಿ ಎಷ್ಟೋ ಜನರ ಸಂಬಳ ಕಡಿತವಾಗಿತ್ತು, ತೆರಿಗೆ ಮರುಪಾವತಿ ಮುಟ್ಟುಗೋಲಾಗಿತ್ತು. ಕೊನೆಗೆ ರಾಜ್ಯ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಯಂತ್ರ ಕೊಳ್ಳುವಾಗ ಈ 2 ಕೋಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪ್ರಶ್ನೆ: ಆಸ್ಟ್ರೇಲಿಯಾದ ರೋಬೋಡೆಟ್ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿ ಆದ ತಪ್ಪು ಏನು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸರಳವಾಗಿ ಹೇಳಿ. (ಮೂವರು ಕೇಳಿದ್ದಾರೆ)

ಉತ್ತರ: ಭತ್ಯೆ ಪಡೆದವರು ಹಣ ವಾಪಸ್ ಕೊಡಬೇಕು ಅಂತ ಕಂಪ್ಯೂಟರೇ ಲೆಕ್ಕ ಹಾಕಿ ಸಾಲ ಹೊರಿಸಿದ ಯೋಜನೆ ಅದು. ತಪ್ಪು ಭಾಗಾಕಾರದ್ದು. ನಿಜವಾಗಿಯೂ ಅಷ್ಟೇ.

ಅಲ್ಲಿ ಭತ್ಯೆಯ ಲೆಕ್ಕ ಪಾಕ್ಷಿಕಕ್ಕೆ, ಅಂದರೆ ಎರಡು ವಾರಕ್ಕೊಮ್ಮೆ. ಆ ಎರಡು ವಾರದಲ್ಲಿ ನಿಮ್ಮ ದುಡಿಮೆ ಎಷ್ಟು ಅನ್ನೋದರ ಮೇಲೆ ಭತ್ಯೆ. ತೆರಿಗೆ ಇಲಾಖೆಯ ಹತ್ತಿರ ಇದ್ದದ್ದು ಇಡೀ ವರ್ಷದ ಆದಾಯ. ಒಂದು ಉದಾಹರಣೆ ಹಾಕಿ ನೋಡಿ: ಒಬ್ಬಳು ವರ್ಷದ ಮೊದಲ 13 ಪಾಕ್ಷಿಕಗಳಲ್ಲಿ ತಲಾ 2,000 ಡಾಲರ್ ದುಡಿದಳು. ಕೆಲಸ ಹೋಯಿತು. ಉಳಿದ 13 ಪಾಕ್ಷಿಕಗಳಲ್ಲಿ ಭತ್ಯೆ ತಗೊಂಡಳು, ಆದಾಯ ಸೊನ್ನೆ ಅಂತ ಸರಿಯಾಗಿಯೇ ಬರೆದುಕೊಟ್ಟಳು. ಯಂತ್ರ ವರ್ಷದ 26,000ವನ್ನು 26ರಿಂದ ಭಾಗಿಸಿತು. ಪ್ರತಿ ಪಾಕ್ಷಿಕಕ್ಕೆ 1,000 ಬಂತು. ಹಾಗಾದರೆ ನೀನು ಸೊನ್ನೆ ಅಂದದ್ದು ಸುಳ್ಳು, ತಗೊಂಡ ಭತ್ಯೆ ವಾಪಸ್ ಕೊಡು ಅಂತ ಪತ್ರ ಕಳಿಸಿತು. ಅವಳು ತಪ್ಪು ಮಾಡಿಲ್ಲ ಅಂತ ತೋರಿಸಬೇಕಾದರೆ ಎಷ್ಟೋ ವರ್ಷದ ಹಿಂದಿನ ಸಂಬಳದ ಚೀಟಿ ತರಬೇಕು. ಆ ಕಂಪನಿಯೇ ಮುಚ್ಚಿಹೋಗಿದ್ದರೆ?

ಮುಂಚೆಯೂ ಇಂಥ ತಾಳೆ ನಡೆಯುತ್ತಿತ್ತು. ಆಗ ಗುಮಾಸ್ತರು ಒಂದೊಂದೇ ಕಡತ ನೋಡಿ, ಬೇಕಾದರೆ ಉದ್ಯೋಗದಾತರಿಗೆ ಪತ್ರ ಬರೆದು ವಿಚಾರಿಸುತ್ತಿದ್ದರು. ವರ್ಷಕ್ಕೆ ಸುಮಾರು 20,000 ಪ್ರಕರಣ. 2016ರಲ್ಲಿ ಆ ಗುಮಾಸ್ತರನ್ನು ಮಧ್ಯದಿಂದ ತೆಗೆದುಹಾಕಿದರು. ವಾರಕ್ಕೆ 20,000 ನೋಟಿಸ್ ಹೋಗತೊಡಗಿತು. ಬಜೆಟ್ಟಿನಲ್ಲಿ ಇದನ್ನೆಲ್ಲ ಉಳಿತಾಯ ಅಂತಲೇ ಬರೆದಿದ್ದರು. ಗಮನಿಸಿ, ಪರಿಶೀಲನೆಯ ಕೆಲಸ ಹೋಗಿರಲಿಲ್ಲ. ಗುಮಾಸ್ತರ ಮೇಜಿನಿಂದ ಆ ಹೆಂಗಸಿನ ತಲೆಯ ಮೇಲೆ ಬಂದು ಕೂತಿತ್ತು. ಅವಳಿಗೆ ಅದಕ್ಕೆ ಸಂಬಳ ಇಲ್ಲ, ಹಾಗಾಗಿ ಖರ್ಚಿನ ಪಟ್ಟಿಯಲ್ಲೂ ಇಲ್ಲ.

2019ರ ನವೆಂಬರಿನಲ್ಲಿ ಒಂದು ಪ್ರಕರಣ ಫೆಡರಲ್ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಇಂಥ ಸರಾಸರಿಯ ಮೇಲೆ ಸಾಲ ಹೊರಿಸಲು ಕಾನೂನಿನ ಆಧಾರವೇ ಇಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿತು. 2020ರಲ್ಲಿ 72.1 ಕೋಟಿ ಆಸ್ಟ್ರೇಲಿಯನ್ ಡಾಲರ್ ವಾಪಸ್ ಕೊಡುತ್ತೇವೆ ಎಂದರು. 2021ರಲ್ಲಿ ನ್ಯಾಯಾಲಯ ಒಪ್ಪಿದ ಒಟ್ಟು ಇತ್ಯರ್ಥ, ಮನ್ನಾ ಮಾಡಿದ ಸಾಲವೂ ಸೇರಿ, ಸುಮಾರು 180 ಕೋಟಿ. 2023ರ ಜುಲೈನಲ್ಲಿ ಇದರ ತನಿಖೆಗೆ ನೇಮಿಸಿದ್ದ ಉನ್ನತ ಆಯೋಗದ (ರಾಯಲ್ ಕಮಿಷನ್) ವರದಿ ಬಂತು. ಇದರಿಂದ ಜೀವ ಕಳೆದುಕೊಂಡವರ ಮನೆಯವರೂ ಅಲ್ಲಿ ಸಾಕ್ಷಿ ಹೇಳಿದ್ದರು.

ಪ್ರಶ್ನೆ: ನಮ್ಮ ದೇಶಕ್ಕೆ ಬನ್ನಿ. ನೇರ ನಗದು ವರ್ಗಾವಣೆಯಿಂದ ಇಷ್ಟು ಸಾವಿರ ಕೋಟಿ ಉಳಿಯಿತು ಅಂತ ಆಗಾಗ ಹೇಳುತ್ತಾರೆ. ನಂಬಬಹುದಾ?

ಉತ್ತರ: ಸಂಖ್ಯೆ ಕೇಳಿದ ಕೂಡಲೇ "ಯಾವುದಕ್ಕೆ ಹೋಲಿಸಿ?" ಅಂತ ಕೇಳಿ. ಅಡುಗೆ ಅನಿಲದ ಸಬ್ಸಿಡಿಯನ್ನು ನೇರ ಖಾತೆಗೆ ಹಾಕಿದ್ದನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2016ರಲ್ಲಿ ಪರಿಶೀಲಿಸಿತು. 2014 ಮತ್ತು 2015ರ ಏಪ್ರಿಲ್‌ನಿಂದ ಡಿಸೆಂಬರ್ ಅವಧಿಗಳನ್ನು ಹೋಲಿಸಿದರೆ ಸಬ್ಸಿಡಿ ಖರ್ಚು 23,316 ಕೋಟಿ ರೂಪಾಯಿ ಇಳಿದಿತ್ತು. ಅದರಲ್ಲಿ 21,552 ಕೋಟಿ ಇಳಿದದ್ದು ಸಬ್ಸಿಡಿ ದರ ಇಳಿದದ್ದರಿಂದ, ಅಂದರೆ ಜಗತ್ತಿನಲ್ಲಿ ತೈಲದ ಬೆಲೆ ಬಿದ್ದದ್ದರಿಂದ. ಜನ ಕಡಿಮೆ ಸಿಲಿಂಡರ್ ತಗೊಂಡಿದ್ದರಿಂದ ಉಳಿದದ್ದು 1,764 ಕೋಟಿ. ಅದೂ ಸಣ್ಣ ಮೊತ್ತವಲ್ಲ. ಆದರೆ ಎರಡನ್ನೂ ಒಟ್ಟು ಮಾಡಿ ತಂತ್ರಜ್ಞಾನದ ಖಾತೆಗೆ ಬರೆದರೆ ಹೇಗೆ?

ಪಟ್ಟಿಯಿಂದ ಹೆಸರು ಹೊಡೆದರೂ ಉಳಿತಾಯ ಅಂತಲೇ ತೋರುತ್ತದೆ. ಹೊಡೆದ ಹೆಸರು ನಕಲಿಯೋ ನಿಜವೋ ಅನ್ನೋದು ಆ ಸಂಖ್ಯೆಯಲ್ಲಿ ಕಾಣೋದಿಲ್ಲ. ತೆಲಂಗಾಣದಲ್ಲಿ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾಗಿದ್ದವು, ಕಂಪ್ಯೂಟರ್ ತಾಳೆಯೂ ಅದಕ್ಕೊಂದು ಕಾರಣ. 2022ರಲ್ಲಿ ಸುಪ್ರೀಂ ಕೋರ್ಟ್ ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಎಂದಿತು. ಹಾಗೆ ನೋಡಿದಾಗ ಅರ್ಹರೂ ರದ್ದಾಗಿದ್ದು ಗೊತ್ತಾಯಿತು. ಅವರಿಗೆ ಆ ವರ್ಷಗಳಲ್ಲಿ ಸಿಗದೆ ಹೋದ ಅಕ್ಕಿಯೂ ಯಾವುದೋ ಉಳಿತಾಯದ ಲೆಕ್ಕದಲ್ಲಿ ಸೇರಿಕೊಂಡಿರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತ್ರಿ ಕೂಲಿಯನ್ನೂ ಪಿಂಚಣಿಯನ್ನೂ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೊಟ್ಟಾಗ ಏನಾಯಿತು ಅಂತ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಸೇರಿ ದೊಡ್ಡ ಅಧ್ಯಯನ ಮಾಡಿದರು. 2016ರಲ್ಲಿ ಪ್ರಕಟವಾಯಿತು. ಕೂಲಿ ಬೇಗ ಬಂತು, ಸೋರಿಕೆ ಇಳಿಯಿತು. ನನಗೆ ಮುಖ್ಯ ಅನ್ನಿಸಿದ್ದು, ಕೂಲಿಯವರಿಗೆ ಉಳಿದ ಸಮಯಕ್ಕೆ ಬೆಲೆ ಕಟ್ಟಿದರೆ ಅದೊಂದೇ ಇಡೀ ಯೋಜನೆಯ ಖರ್ಚಿಗೆ ಸಮವಾಗುತ್ತಿತ್ತು. ಜನರ ಸಮಯವನ್ನೂ ಲೆಕ್ಕಕ್ಕೆ ಹಿಡಿದ ಅಪರೂಪದ ಲೆಕ್ಕ ಅದು. ಅಲ್ಲಿ ಇನ್ನೊಂದು ವಿಷಯ ಇತ್ತು: ಕಾರ್ಡು ಇಲ್ಲದವರಿಗೂ ಹಳೆಯ ರೀತಿಯಲ್ಲಿ ಹಣ ಸಿಗುತ್ತಿತ್ತು. ಆಮೇಲೆ ಇದೇ ಮೂವರು ಜಾರ್ಖಂಡ್‌ನ ಪಡಿತರ ನೋಡಿದರು. ಅಲ್ಲಿ ಆಧಾರ್ ಬೆರಳಚ್ಚು ಕಡ್ಡಾಯ. ಮೊದಲ ಹಂತದಲ್ಲಿ ಸೋರಿಕೆ ಸರಾಸರಿಯಲ್ಲಿ ಇಳಿಯಲಿಲ್ಲ, ಪಡಿತರ ತರಲು ಜನರಿಗೆ ತಗಲುವ ಖರ್ಚು 17% ಏರಿತು, ಆಧಾರ್ ಜೋಡಿಸದವರಿಗೆ ಸಿಗುವುದು ಇನ್ನೂ ಕಡಿಮೆಯಾಯಿತು. ಎರಡೂ ಕಡೆ ಬೆರಳಚ್ಚಿನ ಯಂತ್ರವೇ. ಒಂದು ಕಡೆ ಯಂತ್ರ ಕೈಕೊಟ್ಟರೆ ಇನ್ನೊಂದು ದಾರಿ ಇತ್ತು.

ಪ್ರಶ್ನೆ: ನನ್ನ ಸಬ್ಸಿಡಿ ನನಗೇ ಗೊತ್ತಿಲ್ಲದ ಖಾತೆಗೆ ಹೋಗಿದೆ. ಇದು ಹೇಗೆ ಸಾಧ್ಯ?

ಉತ್ತರ: ಆಧಾರ್ ಆಧಾರದ ಪಾವತಿ ಖಾತೆ ಸಂಖ್ಯೆ ನೋಡೋದಿಲ್ಲ. ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎರಡನೇ ಖಾತೆ ತೆರೆಯುವಾಗ ಎಲ್ಲೋ ಒಂದು ಟಿಕ್ ಹಾಕಿರುತ್ತೀರಿ, ಅಷ್ಟು ಸಾಕು. 2017ರಲ್ಲಿ ಸಿಮ್ ಪರಿಶೀಲನೆಗೆ ಬಂದ ಗ್ರಾಹಕರ ಹೆಸರಿನಲ್ಲಿ ಒಂದು ಟೆಲಿಕಾಂ ಸಂಸ್ಥೆಯ ಪೇಮೆಂಟ್ಸ್ ಬ್ಯಾಂಕ್ ಖಾತೆಗಳು ತೆರೆದುಕೊಂಡು, ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿತ್ತು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಥಿತಿ ನೋಡಿ, ಬ್ಯಾಂಕಿನ ಹೆಸರು ಕಾಣುತ್ತದೆ. ಬೇಕಾದ ಬ್ಯಾಂಕಿಗೆ ಹೋಗಿ ಜೋಡಣೆ ಬದಲಿಸಿ.

ಪ್ರಶ್ನೆ: ನೀವು ಬರೆಯೋದೆಲ್ಲ ಕಳ್ಳರ ಪರ. ತೆರಿಗೆ ಕಟ್ಟುವವರ ಕಷ್ಟ ನಿಮಗೆ ಕಾಣೋದಿಲ್ಲವೇ?

ಉತ್ತರ: ಕಾಣುತ್ತದೆ. ತಪ್ಪು ನೋಟಿಸುಗಳಿಗೆ ಪರಿಹಾರ ಕೊಡುವುದೂ ಅವರ ದುಡ್ಡಿನಿಂದಲೇ. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಪೋಷಕರನ್ನು ವಂಚಕರು ಎಂದು ತಪ್ಪಾಗಿ ಬೆನ್ನಟ್ಟಿದ್ದರು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಒಬ್ಬೊಬ್ಬರಿಗೆ ಕನಿಷ್ಠ 30,000 ಯೂರೋ ಪರಿಹಾರ ಅಂತಾಯಿತು. ತೆರಿಗೆದಾರರಿಗೆ ಇದು ಅಗ್ಗವೇ?

ಇನ್ನೊಂದು ಮಾತು. ಅದೇ ತಾಳೆಯನ್ನು ಕೊಡುವುದಕ್ಕೂ ಬಳಸಬಹುದು. ಅಮೆರಿಕದಲ್ಲಿ 2004ರ ಕಾನೂನಿನ ಪ್ರಕಾರ ಆಹಾರ ಸಹಾಯ ಪಡೆಯುವ ಮನೆಯ ಮಕ್ಕಳ ಹೆಸರನ್ನು ಶಾಲೆಯ ಪಟ್ಟಿಯೊಂದಿಗೆ ತಾಳೆ ಹಾಕಿ, ಅರ್ಜಿಯೇ ಇಲ್ಲದೆ ಉಚಿತ ಊಟಕ್ಕೆ ಸೇರಿಸುತ್ತಾರೆ. ಪೋಷಕರಿಗೆ ಫಾರ್ಮ್ ಇಲ್ಲ, ಶಾಲೆಗೆ ಕಡತ ಇಲ್ಲ. ತಪ್ಪಾದರೆ ಒಂದು ಮಗು ಜಾಸ್ತಿ ಊಟ ಮಾಡುತ್ತದೆ.

ಪ್ರಶ್ನೆ: ನಾನು ಇಂಥದ್ದೇ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ತಾಳೆಯ ಪಟ್ಟಿ ಪ್ರತಿ ತಿಂಗಳೂ ಬರುತ್ತದೆ. ನೋಡಲು ಜನ ಇಲ್ಲ. ಏನು ಮಾಡಲಿ?

ಉತ್ತರ: ನೀವೊಬ್ಬರೇ ಅಲ್ಲ. ಬ್ರಿಟನ್ನಿನಲ್ಲಿ ಮನೆಯ ರೋಗಿಗಳನ್ನು ನೋಡಿಕೊಳ್ಳುವವರಿಗೆ ಒಂದು ಭತ್ಯೆ ಇದೆ. ಆದಾಯ ಮಿತಿಗಿಂತ ಒಂದು ಪೌಂಡ್ ಜಾಸ್ತಿಯಾದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ತೆರಿಗೆ ಇಲಾಖೆಯಿಂದ ಎಚ್ಚರಿಕೆ ಬರುತ್ತಿತ್ತು, ಎಲ್ಲವನ್ನೂ ನೋಡಲು ಸಿಬ್ಬಂದಿ ಇರಲಿಲ್ಲ. ಹೀಗೆ ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಸಾವಿರಾರು ಪೌಂಡ್ ವಾಪಸ್ ಕೊಡಿ ಅಂದರು. ಮೊದಲ ತಿಂಗಳೇ ಒಂದು ಪತ್ರ ಹೋಗಿದ್ದರೆ ಅವರು ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳುತ್ತಿದ್ದರು. ನೋಡದೆ ಉಳಿದ ಪಟ್ಟಿ ಎಷ್ಟಿದೆ ಅಂತ ತಿಂಗಳು ತಿಂಗಳು ಲಿಖಿತವಾಗಿ ಮೇಲಿನವರಿಗೆ ಕಳಿಸಿ. ನಾಳೆ ಯಾರಾದರೂ ಕೇಳಿದಾಗ ಕಾಗದ ಇರಬೇಕು.

ಪ್ರಶ್ನೆ: ನೋಟಿಸ್ ಬಂದೇಬಿಟ್ಟಿದೆ. "ದಾಖಲೆ ಹೊಂದಾಣಿಕೆ ಆಗಿಲ್ಲ" ಅಂತ ಒಂದೇ ಸಾಲು. ಮುಂದೇನು?

ಉತ್ತರ: ಗಾಬರಿಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ಕಂತು ಕಟ್ಟಲೂ ಶುರು ಮಾಡಬೇಡಿ. ಯಾವ ಎರಡು ದಾಖಲೆ, ಯಾವ ತಾರೀಕಿನವು, ಯಾವ ಕಾಲಂ ಹೊಂದಿಲ್ಲ ಅಂತ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಬಹಳ ಸಲ ಹೆಸರಿನ ಕಾಗುಣಿತ, ಹುಟ್ಟಿದ ದಿನ, ಹಳೆಯ ವಿಳಾಸ ಇಷ್ಟೇ ಇರುತ್ತದೆ. ಇದಕ್ಕಿಂತ ದೊಡ್ಡದೂ ಆಗುತ್ತದೆ, 2022ರಲ್ಲಿ ಹರಿಯಾಣದಲ್ಲಿ 102 ವರ್ಷದ ಹಿರಿಯರೊಬ್ಬರ ಪಿಂಚಣಿ ದಾಖಲೆಯಲ್ಲಿ ಸತ್ತಿದ್ದಾರೆ ಅಂತ ನಿಂತುಹೋಗಿ, ಅವರು ರಥ ಹತ್ತಿ ಬ್ಯಾಂಡಿನ ಜೊತೆ ಮೆರವಣಿಗೆ ಹೊರಟು ತಾನಿದ್ದೇನೆ ಅಂತ ತೋರಿಸಬೇಕಾಯಿತು. ಭಾರತದಲ್ಲಿ ಮಾಹಿತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮದೇ ಕಡತದ ಪ್ರತಿ ಕೇಳಿ. ಪಡಿತರದ ವಿಷಯವಾದರೆ 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು, ಅವರಿಗೆ ಬರೆಯಿರಿ. ಆಧಾರ್ ಇಲ್ಲ ಅಥವಾ ಬೆರಳಚ್ಚು ಕೂಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಅಂತ ಕೇಂದ್ರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ದೂರಿನಲ್ಲಿ ಅದನ್ನು ಹೆಸರಿಸಿ. ಓಡಾಟದ ಬಸ್ ಟಿಕೆಟ್, ಜೆರಾಕ್ಸ್ ಚೀಟಿ ಎಲ್ಲ ಒಂದು ಕವರಿನಲ್ಲಿ ಇಟ್ಟುಕೊಳ್ಳಿ, ಪರಿಹಾರ ಕೇಳುವ ದಿನ ಬಂದರೆ ಬೇಕಾಗುತ್ತದೆ.